ಆರಿಸಿದ ಮೇಲೂ ಓಗೊಟ್ಟ ನಂಬರು

ವೈರಕ್ಕ ಎಂಬ ಹೆಸರನ್ನು ಅವಳಿಗೆ ಇಟ್ಟವನು ಅವಳ ಗಂಡನೇ. ಮನೆಮನೆಗೆ ಇಂಟರ್ನೆಟ್ ಕೊಡುವ ಕಂಪನಿಯಲ್ಲಿ ಅವಳು ರಿಪೇರಿ ಕೆಲಸಕ್ಕೆ ಇಳಿದ ಹೊಸದರಲ್ಲಿ, ಹೆಗಲಿಗೆ ಕಪ್ಪು ವೈರಿನ ಸುರುಳಿ ಏರಿಸಿಕೊಂಡು ಹೊರಡುವುದನ್ನು ನೋಡಿ ತಮಾಷೆಗೆ ಹಾಗೆ ಕರೆದಿದ್ದ. ಅದು ಅಕ್ಕಪಕ್ಕದವರ ಬಾಯಿಗೆ ಬಿದ್ದು, ಕೊನೆಗೆ ಕಂಪನಿಯವರೂ ಹಾಗೇ ಕರೆಯತೊಡಗಿದರು. ಈಗೀಗ ವೈರಿನ ಕೆಲಸ ಕಡಿಮೆ, ಎಲ್ಲ ಗಾಳಿಯಲ್ಲೇ. ವೈರೇ ಇಲ್ಲದ ಮೇಲೆ ತಾನೆಂಥ ವೈರಕ್ಕ ಎಂದು ಅವಳು ಕೇಳಿದರೆ, ಬಸ್ಸು ಓಡಿಸುವ ಆ ಗಂಡ, "ಯಾರ ಜೊತೇನೂ ವೈರ ಇಲ್ಲ ಅಂತಾಯ್ತಲ್ಲ, ಬಿಡು" ಎನ್ನುತ್ತಿದ್ದ.

ಮೊದಲು ಅವಳು ಅದೇ ಕಂಪನಿಯಲ್ಲಿ ದೂರು ಕೇಳುವ ಕುರ್ಚಿಯಲ್ಲಿದ್ದಳು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ರೂಟರ್ ಒಮ್ಮೆ ಆಫ್ ಮಾಡಿ ಆನ್ ಮಾಡಿ ಎಂದು ಬೆಳಗಿನಿಂದ ಸಂಜೆಯವರೆಗೆ ಹೇಳುವುದು. ಮಹಡಿ ಮೇಲೆ ಸಿಗುತ್ತದೆ, ಕೆಳಗೆ ಸಿಗುವುದಿಲ್ಲ ಎಂದು ಒಬ್ಬರು. ಮಲಗಿ ಹಿಡಿದರೆ ಬರುತ್ತದೆ, ಎದ್ದು ಕೂತರೆ ಹೋಗುತ್ತದೆ ಎಂದು ಇನ್ನೊಬ್ಬರು. ಅವಳು ದೂರು ಬರೆದುಕೊಂಡು ರಿಪೇರಿಯವರಿಗೆ ದಾಟಿಸಿದರೆ ಮುಗಿಯಿತು. ಆಮೇಲೆ ಏನಾಯಿತು, ಎದ್ದು ಕೂತರೆ ಯಾಕೆ ಹೋಗುತ್ತಿತ್ತು ಎಂಬುದು ತಿಳಿಯುತ್ತಲೇ ಇರಲಿಲ್ಲ. ಊಟಕ್ಕೆ ಕೂತಾಗಲೂ ಅದೇ ಯೋಚನೆ. ಕೊನೆಗೆ ಮೇಲ್ವಿಚಾರಕರ ಹತ್ತಿರ ಹೋಗಿ, ತನ್ನನ್ನು ಮನೆಗಳಿಗೇ ಕಳಿಸಿ ಎಂದಳು. ಏಣಿ ಹತ್ತಬೇಕಾಗುತ್ತದೆ, ಬಿಸಿಲು, ನಾಯಿ ಎಂದೆಲ್ಲ ಅವರು ಹೆದರಿಸಿ ನೋಡಿದರು. ಅವಳು ಜಗ್ಗಲಿಲ್ಲ.

ಹೋದ ಕಡೆಯಲ್ಲೆಲ್ಲ ಅವಳ ಹೊಟ್ಟೆ ತುಂಬುವಷ್ಟು ಉತ್ತರಗಳು ಸಿಕ್ಕವು. ಒಂದು ಮನೆಯಲ್ಲಿ ಧೂಳು ಹಿಡಿಯಬಾರದೆಂದು ರೂಟರನ್ನು ಉಕ್ಕಿನ ಬೀರುವಿನೊಳಗಿಟ್ಟು ಬೀಗ ಹಾಕಿದ್ದರು. ಇನ್ನೊಂದರಲ್ಲಿ ರೂಟರಿಗೂ ಮಗಳ ಮೇಜಿಗೂ ನಡುವೆ ದೊಡ್ಡ ಮೀನಿನ ತೊಟ್ಟಿ. ವೈಫೈ ಅಲೆಗಳು ನೀರು ದಾಟುವಷ್ಟರಲ್ಲಿ ಸೊರಗಿಹೋಗುತ್ತವೆ ಎಂದು ಹೇಳಿದರೆ, ಮನೆಯಾತ ಮೀನುಗಳನ್ನೇ ಅನುಮಾನದಿಂದ ನೋಡಿದ್ದ. ಒಬ್ಬ ಮುದುಕರ ಫೋನು ಜೇಬಿಗೆ ಹೋದ ಕೂಡಲೇ ಸಂಪರ್ಕ ಕಡಿದುಕೊಳ್ಳುತ್ತಿತ್ತು. ಬ್ಯಾಟರಿ ಉಳಿಸಲೆಂದು ಮೊಮ್ಮಗಳು ಯಾವುದೋ ಗುಂಡಿ ಒತ್ತಿಟ್ಟಿದ್ದಳು, ಅಷ್ಟೆ. ಇಂಥವನ್ನೆಲ್ಲ ಮನೆಗೆ ಬಂದು ವರ್ಣಿಸುವಾಗ ಗಂಡ ಅನ್ನಕ್ಕೆ ಸಾರು ಬಡಿಸುತ್ತ, ಬಸ್ಸಿನಲ್ಲಿ ಬರೀ ಚಿಲ್ಲರೆ ಜಗಳ, ನಿನ್ನ ಕೆಲಸವೇ ವಾಸಿ ಎನ್ನುತ್ತಿದ್ದ.

ಹೀಗಿರುವಾಗ ಟೀಚರಮ್ಮನ ಮನೆಯ ದೂರು ಅವಳ ಪಾಲಿಗೆ ಬಂತು. ಟೀಚರ್ ಮನೆಯಲ್ಲೇ ಕೂತು ಟ್ಯಾಬಿನಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವವರು. ಪಾಠ ಶುರುವಾದ ಸ್ವಲ್ಪ ಹೊತ್ತಿಗೆ ಟ್ಯಾಬಿನ ಸಂಪರ್ಕ ತಪ್ಪುತ್ತದೆ, ಬರುತ್ತದೆ, ಮತ್ತೆ ತಪ್ಪುತ್ತದೆ. ಬೇರೆ ಹೊತ್ತಿನಲ್ಲಿ ಏನೂ ತೊಂದರೆಯಿಲ್ಲ. ಮೊದಲು ಹೋದ ರಿಪೇರಿಯವನು ವೈರು ಬದಲಿಸಿದ್ದ. ಎರಡನೆಯವನು ರೂಟರನ್ನು ಕಪಾಟಿನ ಮೇಲೆ ಏರಿಸಿದ್ದ. ಮೂರನೆಯವನು ಟ್ಯಾಬೇ ಸರಿಯಿಲ್ಲ ಎಂದು ಕೈತೊಳೆದುಕೊಂಡಿದ್ದ. ಅವರು ಹೋದಾಗೆಲ್ಲ ಎಲ್ಲವೂ ಸರಿಯಾಗಿಯೇ ಇರುತ್ತಿತ್ತಂತೆ. ಈ ಕೊನೆಯ ಮಾತು ವೈರಕ್ಕನ ಕಿವಿ ನಿಮಿರಿಸಿತು.

ಅದು ಸಣ್ಣ ಮನೆ. ನಡುವೆ ಹಾಲ್, ಎಡಕ್ಕೆ ಟೀಚರ್ ಪಾಠ ಮಾಡುವ ಕೋಣೆ, ಬಲಕ್ಕೆ ಅವರ ಅತ್ತೆಯ ಕೋಣೆ, ಹಿಂದೆ ಅಡುಗೆಮನೆ. ಹಾಲಿನ ಗೋಡೆಯಲ್ಲಿ ನಗುಮುಖದ ಗಂಡಸಿನ ಫೋಟೋ. ಅದು ಟೀಚರ್ ಗಂಡ, ಅತ್ತೆಯ ಒಬ್ಬನೇ ಮಗ, ಹೋದ ವರ್ಷ ತೀರಿಕೊಂಡವನು. ವೈಫೈಗೆ ಸೇರಿಕೊಳ್ಳಲು ವೈರಕ್ಕ ತನ್ನ ಫೋನು ತೆರೆದರೆ 'ಪಾಸ್‌ವರ್ಡ್ ಕೇಳಬೇಡಿ' ಎಂಬ ಹೆಸರು ಕಂಡಿತು. ಅವಳಿಗೆ ನಗು ಬಂತು. ನಮ್ಮವರೇ ಇಟ್ಟ ಹೆಸರು, ಬದಲಿಸೋಕೆ ಮನಸ್ಸು ಬರಲಿಲ್ಲ ಎಂದರು ಟೀಚರ್.

ವೈರಕ್ಕ ತನಗೆ ಗೊತ್ತಿದ್ದುದನ್ನೆಲ್ಲ ಮಾಡಿದಳು. ಟ್ಯಾಬಿನಲ್ಲಿ ಆ ಹೆಸರನ್ನು ಅಳಿಸಿ ಹೊಸದಾಗಿ ಸೇರಿಸಿದಳು. ಬ್ಯಾಟರಿ ಉಳಿಸುವ ಗುಂಡಿ ನೋಡಿದಳು. ಟೀಚರ್ ಕುರ್ಚಿಯಲ್ಲಿ ತಾನೇ ಕೂತು ಯಾವುದೋ ವಿಡಿಯೋ ಹಾಕಿಕೊಂಡು ಕಾದಳು. ಕಡಿಯಲೇ ಇಲ್ಲ. ಇಷ್ಟು ಹೊತ್ತೂ ಅತ್ತೆ ಹಾಲಿನಲ್ಲಿ ಸ್ಟೂಲಿನ ಮೇಲೆ ಕೂತು, ಮನೆಗೆ ಬಂದವರನ್ನು ನೋಡುವ ಕುತೂಹಲದಿಂದ ಅವಳನ್ನೇ ನೋಡುತ್ತಿದ್ದರು. ಕುಡಿಯಲು ನೀರು ತಂದುಕೊಟ್ಟರು. ಹೆಣ್ಣುಮಕ್ಕಳು ಈ ಕೆಲಸಕ್ಕೂ ಬರುತ್ತಾರಾ ಎಂದು ಕೇಳಿದರು.

ವಾಪಸು ಬರುವ ದಾರಿಯುದ್ದಕ್ಕೂ ವೈರಕ್ಕ ಅದನ್ನೇ ಯೋಚಿಸಿದಳು. ನೋಡುವವರು ಬಂದಾಗ ಸರಿಯಿದ್ದು, ಬಾಗಿಲು ಹಾಕಿಕೊಂಡು ಪಾಠ ಮಾಡುವಾಗ ಮಾತ್ರ ಕೆಡುತ್ತದೆ ಎಂದರೆ, ಆ ಎರಡು ಹೊತ್ತಿನ ನಡುವೆ ಮನೆಯಲ್ಲಿ ಏನೋ ಬೇರೆಯಾಗುತ್ತಿರಬೇಕು. ಅದು ಏನು? ಅವಳು ಟೀಚರಿಗೆ ಫೋನು ಮಾಡಿ, ನಾಳೆ ಪಾಠದ ಹೊತ್ತಿಗೆ ಬಂದು ಒಳಗೆ ಸುಮ್ಮನೆ ಕೂತಿರುತ್ತೇನೆ, ದಯವಿಟ್ಟು ಬೇಡ ಅನ್ನಬೇಡಿ ಎಂದಳು.

ಮರುದಿನ ಅವಳು ಹೋದಾಗ ಅತ್ತೆ ಹಿತ್ತಲಿನಲ್ಲಿ ಬಟ್ಟೆ ಹರವುತ್ತಿದ್ದರು. ಟೀಚರ್ ಅವಳನ್ನು ನೇರ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ಪಾಠ ಶುರುವಾಯಿತು. ಟ್ಯಾಬಿನಲ್ಲಿ ಮಕ್ಕಳ ಪುಟ್ಟ ಪುಟ್ಟ ಮುಖಗಳು, ಭಿನ್ನರಾಶಿಯ ಲೆಕ್ಕ. ಸ್ವಲ್ಪ ಹೊತ್ತಿಗೆ ಒಬ್ಬ ಹುಡುಗಿ ಬಾಯಿ ತೆರೆದದ್ದು ತೆರೆದ ಹಾಗೇ ನಿಂತುಬಿಟ್ಟಳು. ಚಿತ್ರ ಹೆಪ್ಪುಗಟ್ಟಿತು. ಟೀಚರ್ ಹಣೆ ಒತ್ತಿಕೊಂಡು, ನೋಡಿದ್ರಾ ಎಂಬಂತೆ ತಿರುಗಿದರು.

ವೈರಕ್ಕ ಆಗಲೇ ತನ್ನ ಫೋನು ನೋಡುತ್ತಿದ್ದಳು. ಅದಕ್ಕೆ ಸಂಪರ್ಕ ಚೆನ್ನಾಗಿಯೇ ಇತ್ತು. ಹಾಗಾದರೆ ರೂಟರಿನ ತಪ್ಪಲ್ಲ. ಮನೆಗೆ ಸೇರುವ ಪ್ರತಿಯೊಂದು ಫೋನಿಗೂ, ಟ್ಯಾಬಿಗೂ ರೂಟರ್ ಒಂದೊಂದು ನಂಬರು ಕೊಡುತ್ತದೆ. ಆ ನಂಬರಿಗೆ 'ಇದ್ದೀಯಾ' ಎಂದು ಕೂಗಿ ಕೇಳುವ ಆ್ಯಪ್ ಒಂದು ಅವಳ ಫೋನಿನಲ್ಲಿತ್ತು; ಅಲ್ಲಿ ಏನಾದರೂ ಇದ್ದರೆ ತಿರುಗಿ ಓಗೊಡುತ್ತದೆ, ಇಲ್ಲದಿದ್ದರೆ ಸದ್ದಿಲ್ಲ. ಅವಳು ಟ್ಯಾಬಿನ ನಂಬರು ನೋಡಿಕೊಂಡು, ಅದನ್ನು ಪೂರ್ತಿ ಆರಿಸಲು ಹೇಳಿದಳು. ಟೀಚರ್ ಆರಿಸಿದರು. ತೆರೆ ಕಪ್ಪಾಯಿತು. ಆಮೇಲೆ ಅವಳು ಆ ನಂಬರನ್ನು ಕೂಗಿದಳು.

ಆ ಕಡೆಯಿಂದ ಉತ್ತರ ಬಂತು.

ಅವಳು ಇನ್ನೊಮ್ಮೆ ಕೂಗಿದಳು. ಮತ್ತೆ ಬಂತು. ಆರಿಸಿಟ್ಟ ಟ್ಯಾಬು ಕಣ್ಣೆದುರೇ ಮೇಜಿನ ಮೇಲಿದೆ, ಅದರ ನಂಬರಿನಲ್ಲಿ ಬೇರೆ ಯಾವುದೋ ಕೂತು ಓಗೊಡುತ್ತಿದೆ.

"ಮನೇಲಿ ಇನ್ನೊಂದು ಫೋನ್ ಇದೆಯಾ ಟೀಚರ್?"

"ನಂದು ಇಲ್ಲೇ ಇದೆ. ಅತ್ತೆದು ಬಟನ್ ಫೋನು, ಅದಕ್ಕೆ ಇಂಟರ್ನೆಟ್ಟೇ ಇಲ್ಲ." ಟೀಚರ್ ಹಾಲಿನ ಫೋಟೋದ ಕಡೆ ಕೈ ತೋರಿಸಿದರು. "ಇವರದೊಂದಿತ್ತು. ಆಸ್ಪತ್ರೆಗೆ ಓಡಾಡೋವಾಗ ಎಲ್ಲೋ ಕಳೆದುಹೋಯ್ತು."

ಆ ಫೋನಿಗೆ ಅವರೇನಾದರೂ ಯಾವಾಗಲೂ ಒಂದೇ ನಂಬರು ಇರುವಂತೆ ಮಾಡಿಕೊಂಡಿದ್ದರಾ ಎಂದು ವೈರಕ್ಕ ಕೇಳಿದಳು. ಟೀಚರಿಗೆ ಅದು ತಿಳಿಯದು. ಫೋನಿನಲ್ಲಿದ್ದ ವಿಡಿಯೋಗಳನ್ನು ಟಿವಿಯಲ್ಲಿ ಹಾಕಿ ತೋರಿಸುವ ಹುಚ್ಚು ಅವರಿಗಿತ್ತು, ಅದಕ್ಕಾಗಿ ಒಂದು ಭಾನುವಾರವೆಲ್ಲ ಏನೋ ತಿರುಚುತ್ತ ಕೂತಿದ್ದರು ಎಂದರು. ವೈರಕ್ಕನಿಗೆ ಅಷ್ಟು ಸಾಕಾಯಿತು. ಟಿವಿ ಹುಡುಕಿದಾಗೆಲ್ಲ ಸಿಗಲೆಂದು, ಕಾದಿರಿಸಿದ ಸೀಟಿನ ಹಾಗೆ ಆತ ತನ್ನ ಫೋನಿಗೆ ಒಂದು ನಂಬರು ಹಿಡಿದಿಟ್ಟಿದ್ದ. ಅವನು ಹೋದ ಮೇಲೆ ಸೀಟು ಖಾಲಿ ಎಂದುಕೊಂಡ ರೂಟರ್, ಆಮೇಲೆ ಕೊಂಡ ಟ್ಯಾಬಿಗೆ ಅದನ್ನೇ ಕೊಟ್ಟಿದೆ. ಹಳೆಯ ಫೋನು ಚಾಲೂ ಆದಾಗಲೆಲ್ಲ ಎರಡೂ ಒಂದೇ ಸೀಟಿಗೆ ಜಗಳಕ್ಕೆ ಬೀಳುತ್ತವೆ. ಹಾಗಾದರೆ ಆ ಫೋನು ಕಳೆದಿಲ್ಲ. ಈ ಮನೆಯಲ್ಲೇ ಇದೆ, ಈ ಕ್ಷಣ ಯಾರದೋ ಕೈಯಲ್ಲಿದೆ.

ಅವಳು ಇದನ್ನು ಹೇಳಲಿಲ್ಲ. ಟ್ಯಾಬನ್ನು ಮತ್ತೆ ಆನ್ ಮಾಡಿಸಿ ಅದಕ್ಕೆ ಬೇರೆ ನಂಬರು ಹಾಕಿಕೊಟ್ಟಳು. ಬಾಯಿ ತೆರೆದಿದ್ದ ಹುಡುಗಿ ಮತ್ತೆ ಮಾತಾಡಿದಳು, ಪಾಠ ಮುಂದುವರಿಯಿತು. ವೈರಕ್ಕ ರೂಟರ್ ನೋಡುವ ನೆವದಲ್ಲಿ ಹೊರಗೆ ಬಂದು ಬಾಗಿಲು ಎಳೆದುಕೊಂಡಳು.

ಅತ್ತೆಯ ಕೋಣೆಯ ಬಾಗಿಲು ಮುಚ್ಚಿತ್ತು. ಒಳಗಿನಿಂದ ಒಂದು ಗಂಡುದನಿ, ತೀರ ಸಣ್ಣಗೆ. "ಅಮ್ಮಾ, ಇದು ಫೋಟೋ ಅಲ್ಲ, ವಿಡಿಯೋ. ಹಂಗೆ ಬಿಗಿಯಾಗಿ ನಿಂತ್ಕೋಬೇಡ, ಏನಾದ್ರೂ ಮಾತಾಡು." ಅದರ ಹಿಂದೆಯೇ ಹೆಂಗಸಿನ ನಗು. ಆಮೇಲೆ ಮೌನ. ಆಮೇಲೆ ಮತ್ತೆ ಮೊದಲಿನಿಂದ, "ಅಮ್ಮಾ, ಇದು ಫೋಟೋ ಅಲ್ಲ..."

ವೈರಕ್ಕನ ಕೆಲಸ ಅಲ್ಲಿಗೆ ಮುಗಿದಿತ್ತು. ಚೀಲ ಎತ್ತಿಕೊಂಡು ಹೋಗಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಅವಳ ಕಾಲು ಬಾಗಿಲ ಕಡೆಗೇ ನಡೆಯಿತು. ಮೆಲ್ಲಗೆ ತಟ್ಟಿದಳು.

ಒಳಗೆ ಸರಭರ ಸದ್ದಾಯಿತು. ಅತ್ತೆ ಬಾಗಿಲು ತೆರೆದಾಗ ದಿಂಬು ಸೊಟ್ಟಗಿತ್ತು, ಅದರ ಕೆಳಗಿನಿಂದ ಬೆಳಕಿನ ಗೆರೆ ಇಣುಕುತ್ತಿತ್ತು. ವೈರಕ್ಕ ಅದನ್ನು ನೋಡಿದ್ದನ್ನು ಅವರೂ ನೋಡಿದರು. ಇಬ್ಬರೂ ಮಂಚದ ಅಂಚಿನಲ್ಲಿ ಕೂತರು.

ಫೋನು ಕಳೆಯಿತು ಎಂದು ತಾವೇ ಸುಳ್ಳು ಹೇಳಿದ್ದನ್ನು ಅತ್ತೆ ತಾವಾಗಿಯೇ ಒಪ್ಪಿಕೊಂಡರು. ಮಗ ಹೋದ ಮೇಲೆ ಸೊಸೆ ಅವನ ಅಂಗಿ, ಚಪ್ಪಲಿ, ಸೈಕಲ್ಲು ಎಲ್ಲವನ್ನೂ ಕಣ್ಣೆದುರು ಇಟ್ಟುಕೊಳ್ಳಲಾರೆ ಎಂದು ಯಾರುಯಾರಿಗೋ ಕೊಟ್ಟುಬಿಟ್ಟಳು. ಫೋನೂ ಹೋಗುತ್ತದೆ ಎಂಬ ಭಯಕ್ಕೆ ಇವರು ಅದನ್ನು ಬಚ್ಚಿಟ್ಟು, ಆಸ್ಪತ್ರೆಯಲ್ಲೇ ಕಳೆದಿರಬೇಕು ಎಂದರು. ಅವಳು ಬಾಗಿಲು ಹಾಕಿಕೊಂಡು ಪಾಠಕ್ಕೆ ಕೂತಾಗ ಮಾತ್ರ ತೆಗೆದು ಆನ್ ಮಾಡಿ ನೋಡುವುದು, ಮತ್ತೆ ಆರಿಸಿಡುವುದು, ಮನೆಗೆ ಯಾರಾದರೂ ಬಂದರೆ ಮುಟ್ಟುವುದೇ ಇಲ್ಲ. ಪಾಠ ಕೆಡುವುದಕ್ಕೂ ಇದಕ್ಕೂ ಇರುವ ನಂಟನ್ನು ವೈರಕ್ಕ ಬಿಡಿಸಿ ಹೇಳಿದಾಗ ಅತ್ತೆಯ ಮುಖ ಬಿಳಿಚಿತು.

"ನನ್ನಿಂದ್ಲಾ? ಅವಳು ದಿನಾ ಆ ಡಬ್ಬಕ್ಕೆ ಶಾಪ ಹಾಕ್ತಿದ್ಲು. ನಾನೂ ಜೊತೆ ಸೇರ್ಕೊಂಡು ಬೈದಿದ್ದೀನಲ್ಲಮ್ಮ."

ಇನ್ನು ಮೇಲೆ ಎರಡೂ ತಮ್ಮತಮ್ಮ ಪಾಡಿಗಿರುತ್ತವೆ, ನೀವು ನೋಡಿಕೊಳ್ಳಿ, ನಾನು ಯಾರಿಗೂ ಹೇಳುವುದಿಲ್ಲ ಎಂದು ವೈರಕ್ಕ ಸಮಾಧಾನ ಮಾಡಿದಳು. ಆದರೆ ಫೋನು ಕೈಗೆ ತೆಗೆದುಕೊಂಡಾಗ ಅದರ ಬೆನ್ನು ಉಬ್ಬಿದ್ದು ಬೆರಳಿಗೆ ತಾಗಿತು. ಬ್ಯಾಟರಿ ಊದಿಕೊಂಡಿತ್ತು. ಹೀಗೇ ಚಾರ್ಜ್ ಮಾಡುತ್ತ ದಿಂಬಿನ ಕೆಳಗಿಟ್ಟುಕೊಂಡರೆ ಅಪಾಯ, ಅಂಗಡಿಗೆ ಕೊಟ್ಟು ಬದಲಿಸಲೇಬೇಕು ಎಂದು ಅವಳು ಹೇಳಬೇಕಾಯಿತು. ಅಂಗಡಿಗೆ ಯಾರು ಒಯ್ಯುವುದು? ವೈರಕ್ಕ ತಾನೇ ಒಯ್ಯುತ್ತೇನೆ ಎಂದಳು. ಅತ್ತೆ ಫೋನನ್ನು ಅವಳ ಕೈಯಿಂದ ತಿರುಗಿ ತೆಗೆದುಕೊಂಡರು. "ಬೇಡ. ನಾನೇ ಹೇಳ್ತೀನಿ. ನೀನು ಇಲ್ಲೇ ಇರು, ಹೋಗ್ಬೇಡ" ಎಂದರು.

ಪಾಠ ಮುಗಿಸಿ ಟೀಚರ್ ಹೊರಗೆ ಬಂದಾಗ ಮುಖದಲ್ಲಿ ಗೆಲುವಿತ್ತು. ಒಂದು ಸಲವೂ ಕಡಿಯಲಿಲ್ಲ ಎನ್ನುತ್ತ ಬಂದವರು, ಅತ್ತೆ ಚಾಚಿದ ಕೈಯಲ್ಲಿದ್ದುದನ್ನು ನೋಡಿ ನಿಂತುಬಿಟ್ಟರು. ಯಾವ ಫೋನು ಎಂದು ಕೇಳುವ ಅಗತ್ಯವೇ ಇರಲಿಲ್ಲ. ಮೂಲೆ ಒಡೆದ ಆ ಕವರನ್ನು ಅವರೇ ಕೊಡಿಸಿದ್ದು.

"ಎಲ್ಲೆಲ್ಲಿ ಹುಡುಕಿದೆ ಅತ್ತೆ," ಎಂದರು, ದನಿ ಏರಿಸದೆ. "ವಾರ್ಡಿನ ಆಯಾ ಮೇಲೆ ಅನುಮಾನ ಪಟ್ಟೆ. ಪಾಪ, ಅವಳನ್ನ ಎಲ್ಲರೆದುರು ಬೈದು ಬಂದೆ. ನೀವು ಪಕ್ಕದಲ್ಲೇ ನಿಂತಿದ್ರಿ."

ವೈರಕ್ಕ ನೆಲದ ಟೈಲ್ಸ್ ನೋಡುತ್ತ ನಿಂತಳು. ಎಂಥ ಕಡೆ ತಲೆ ಹಾಕಿದೆ ಎನ್ನಿಸಿ, ನೆಲ ಬಾಯಿಬಿಟ್ಟರೆ ಸಾಕಾಗಿತ್ತು. ಟೀಚರ್ ಫೋನನ್ನು ಕೈಗೆ ತೆಗೆದುಕೊಂಡು ಕೇಳಿದರು, "ಲಾಕ್ ಹೆಂಗೆ ತೆಗೆದ್ರಿ?"

"ಒಂದು, ಒಂದು, ಒಂದು, ಒಂದು. ಅವನ ಸೋಮಾರಿತನ ನಿಂಗೊತ್ತಿಲ್ವಾ?"

ಟೀಚರ್ ಬಾಯಿಂದ ನಗು ಹೊರಟಿತು, ಅರ್ಧದಲ್ಲೇ ಅಳುವಾಯಿತು. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಳ್ಳಲಿಲ್ಲ, ಏನಿಲ್ಲ. ಟೀಚರ್ ಹೋಗಿ ಮುಖ ತೊಳೆದುಕೊಂಡು ಬಂದು, ಒಳಗಿರುವುದೆಲ್ಲ ಉಳಿಯುತ್ತದಾ ಎಂದು ವೈರಕ್ಕನನ್ನು ಕೇಳಿದರು. ಅವಳು ಅಲ್ಲೇ ಕೂತು ವಿಡಿಯೋ, ಫೋಟೋ ಎಲ್ಲವನ್ನೂ ಟ್ಯಾಬಿಗೆ ದಾಟಿಸಿದಳು. ದಾಟುವುದಕ್ಕೆ ಹೊತ್ತು ಹಿಡಿಯಿತು. ಅಷ್ಟರಲ್ಲಿ ಅತ್ತೆ ಟೀ ಮಾಡಿದರು. ಸಕ್ಕರೆ ಹಾಕುವುದನ್ನೇ ಮರೆತಿದ್ದರು, ಮೂವರೂ ಹಾಗೇ ಕುಡಿದರು.

ಆ ಮನೆಯಿಂದ ಮತ್ತೆ ದೂರು ಬರಲಿಲ್ಲ. ಕೆಲವು ತಿಂಗಳ ಮೇಲೆ ಟೀಚರ್ ದಾರಿಯಲ್ಲಿ ಸಿಕ್ಕಿದ್ದರು. ಅತ್ತೆ ಈಗ ಹಾಲಿನಲ್ಲೇ ಕೂತು ಟಿವಿಯಲ್ಲಿ ಹಾಕಿಸಿಕೊಂಡು ನೋಡುತ್ತಾರಂತೆ. ತನಗಿನ್ನೂ ಪೂರ್ತಿ ನೋಡಲಾಗುವುದಿಲ್ಲ, ದನಿ ಕೇಳಿದರೆ ಎದ್ದು ಅಡುಗೆಮನೆಗೆ ಹೋಗುತ್ತೇನೆ, ಆದರೆ ಅಲ್ಲಿಗೂ ಕೇಳುತ್ತದೆ ಎಂದರು. ಆಸ್ಪತ್ರೆಗೆ ಹೋಗಿ ಆ ಆಯಾಳನ್ನು ಮಾತಾಡಿಸಿ ಬಂದದ್ದನ್ನೂ ಹೇಳಿದರು.

ಗಂಡನಿಗೆ ಇದೆಲ್ಲವನ್ನೂ ವೈರಕ್ಕ ಅಂದೇ ಹೇಳಿದ್ದಳು. ಅವನು ಎಲ್ಲ ಕೇಳಿ, "ಟ್ಯಾಬ್ ಸರಿಹೋಗಿತ್ತಲ್ಲ, ಮತ್ತೆ ಆ ಬಾಗಿಲು ಯಾಕೆ ತಟ್ಟಿದೆ?" ಎಂದು ಕೇಳಿದ್ದ. ಅವಳು ತುಂಬ ಯೋಚಿಸಿದಳು. ಟೀಚರ್ ಅತ್ತೆಗೆ ಸಹಾಯ ಮಾಡಲಿಕ್ಕೆ ಎಂದರೆ ಸುಳ್ಳಾಗುತ್ತಿತ್ತು. ಒಳಗೆ ಯಾರಿದ್ದಾರೆ ಎಂದು ನೋಡಬೇಕಾಗಿತ್ತು, ಅಷ್ಟೆ ಎಂದಳು. ಅವನು ತಲೆಯಾಡಿಸಿ ತಟ್ಟೆ ತೊಳೆಯಲು ಎದ್ದ. ಅವಳ ಫೋನಿಗೆ ಮರುದಿನದ ಕೆಲಸ ಬಂದಿತ್ತು. ಯಾರದೋ ಮನೆ, ಎಲ್ಲ ಕೋಣೆಯಲ್ಲೂ ಸಂಪರ್ಕ ಸಿಗುತ್ತದೆ, ಹಜಾರದ ಒಂದು ಕುರ್ಚಿಯಲ್ಲಿ ಕೂತರೆ ಮಾತ್ರ ಸಿಗುವುದಿಲ್ಲವಂತೆ. ಒಂದೇ ಕುರ್ಚಿಯಲ್ಲಾ, ಅದು ಹೇಗೆ ಎನ್ನುತ್ತ ಅವಳು ಮತ್ತೊಮ್ಮೆ ಓದಿದಳು.