ನಂಜುಂಡನ ಕೈಲಿ ಮಾತ್ರ ಗುಂಯ್‌ಗುಡುತ್ತಿದ್ದ ಗಿಟಾರು

ಗಿಟಾರಿನದು ತಪ್ಪಿರಲಿಲ್ಲ. ಸ್ಪೀಕರಿನದೂ ಅಲ್ಲ. ಬಾರಿಸುತ್ತಿದ್ದ ನಂಜುಂಡನದಂತೂ ಅಲ್ಲವೇ ಅಲ್ಲ. ತಪ್ಪು ನನ್ನದು. ಅದನ್ನು ಒಪ್ಪಿಕೊಳ್ಳುವುದಕ್ಕೆ ನನಗೆ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರು ಗಂಟೆಯವರೆಗೆ ಬೇಕಾಯಿತು.

ಇದು ಎರಡು ವರ್ಷದ ಹಿಂದಿನ ಬೇಸಿಗೆಯ ಮಾತು. ಮದ್ದೂರಿನಲ್ಲಿ ನನ್ನದು ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್ಟಿನೊಳಗಿನ ತಾಮ್ರದ ತಂತಿ ಕಿತ್ತು ಹೊಸದು ಸುತ್ತುವ ಕೆಲಸ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು. ಸುತ್ತು ಎಣಿಸುವಷ್ಟು ಅಲ್ಲೇ ಬಂದಿತ್ತು, ಮಿಕ್ಕಿದ್ದನ್ನು ಗಂಡನ ಪಕ್ಕ ಕೂತು ಕಲಿತೆ. ಅವರು ಮನೆಗಳ ವೈರಿಂಗ್ ಮಾಡುತ್ತಿದ್ದರು, ನಾನು ಕಾಯಿಲು ಸುತ್ತುತ್ತಿದ್ದೆ. ಅವರು ಹೋದ ಮೇಲೆ ಎರಡೂ ನನ್ನ ತಲೆಗೇ ಬಂತು. ಮೈಕ್‌ಸೆಟ್ಟಿನವರ ಸ್ಪೀಕರುಗಳೂ ಬರುತ್ತವೆ. ಅವುಗಳೊಳಗೂ ಇರುವುದು ಕಾಯಿಲೇ.

ಮಳವಳ್ಳಿಯಲ್ಲಿ ಪುಟ್ಟರಾಜು ತನ್ನ ಮನೆಯ ಹಿಂದಿನ ಕೋಣೆಯನ್ನೇ ರೆಕಾರ್ಡಿಂಗ್ ಸ್ಟುಡಿಯೋ ಮಾಡಿಕೊಂಡಿದ್ದ. ದೇವರ ಹಾಡು, ಮದುವೆಯ ವಿಡಿಯೋಗೆ ಹಾಕುವ ಹಾಡು, ಇಂಥವು. ಅವನ ಒಂದು ಸ್ಟುಡಿಯೋ ಮಾನಿಟರಿನ ಕಾಯಿಲನ್ನು ಆ ಬೇಸಿಗೆಯಲ್ಲಿ ನಾನೇ ಸುತ್ತಿಕೊಟ್ಟಿದ್ದೆ. ಮಾನಿಟರು ಎಂದರೆ ಇದ್ದ ದನಿಯನ್ನು ಇದ್ದ ಹಾಗೇ ಹೇಳುವ ಸ್ಪೀಕರು. ಮನೆಯಲ್ಲಿಡುವ ಸ್ಪೀಕರಿನ ಹಾಗೆ ಸಣ್ಣಪುಟ್ಟ ದೋಷ ಮುಚ್ಚುವುದಿಲ್ಲ. ತಿಂಗಳು ಕಳೆದಿರಲಿಲ್ಲ, ಫೋನು ಬಂತು.

"ಅಜ್ಜಿ, ನೀವು ಸುತ್ತಿದ್ ಕಾಯಿಲು ಗುಂಯ್ ಅಂತಾ ಅದೆ. ನಾಳೆ ರೆಕಾರ್ಡಿಂಗು. ಬಂದು ನೋಡಿ."

ನನ್ನ ಕಾಯಿಲು ಗುಂಯ್ ಎನ್ನುವುದಿಲ್ಲ. ಇವನೇ ಬಿಚ್ಚಿ ಏನೋ ಮಾಡಿ ನನ್ನ ತಲೆಗೆ ಕಟ್ಟುತ್ತಿದ್ದಾನೆ ಎಂದುಕೊಂಡೇ ಮಾರನೆಯ ಬೆಳಿಗ್ಗೆ ಬಸ್ಸು ಹತ್ತಿದೆ. ಚೀಲದಲ್ಲಿ ಮೀಟರು, ಟೆಸ್ಟರು, ನೂರು ವಾಟಿನ ಬಲ್ಬಿಗೆ ಎರಡು ವೈರು ಕಟ್ಟಿದ ಟೆಸ್ಟ್ ಬಲ್ಬು.

ಬಾಗಿಲಲ್ಲೇ ಚಪ್ಪಲಿ ಬಿಡಬೇಕು. ಒಳಗೆ ಸರಸ್ವತಿಯ ಫೋಟೋ ಇದೆ, ಹಾಡುವವರೂ ಬಾರಿಸುವವರೂ ಬರಿಗಾಲಲ್ಲೇ ನಿಲ್ಲಬೇಕು. ನೆಲ ಕೆಂಪು ಗಾರೆಯದು, ಆಗಷ್ಟೇ ಒರೆಸಿದ್ದರು. ಮಧ್ಯದಲ್ಲಿ ನಂಜುಂಡ ಬಾಸ್ ಗಿಟಾರು ತಗುಲಿಹಾಕಿಕೊಂಡು ನಿಂತಿದ್ದ. ಗೆಜ್ಜಲಗೆರೆಯಲ್ಲಿ ಫ್ಯಾಕ್ಟರಿ ಕೆಲಸ, ರಜಾ ದಿನ ಮದುವೆಗಳ ಆರ್ಕೆಸ್ಟ್ರಾ. ನಲವತ್ತು ದಾಟಿದ ಆಸಾಮಿ, ನಾಚಿಕೆ ಮಾತ್ರ ಹೊಸ ಮದುಮಗನದು. ಅವನ ಬಾಜಣೆ ರೆಕಾರ್ಡ್ ಆಗಬೇಕಿದ್ದದ್ದು ಅದೇ ಮೊದಲು. ಗುಂಯ್ ನಿಲ್ಲದಿದ್ದರೆ ಆ ಭಾಗವನ್ನು ಕೀಬೋರ್ಡಿನವನ ಕೈಲಿ ಬಾರಿಸುತ್ತೇನೆ ಎಂದು ಪುಟ್ಟರಾಜು ಅವನೆದುರೇ ಹೇಳಿದ.

ಮೊದಲು ನನ್ನ ಮರ್ಯಾದೆ ನೋಡಿಕೊಂಡೆ. ಎಡಗಡೆಯ ಮಾನಿಟರಿನ ವೈರು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದೆ. ನಂಜುಂಡ ಬಾರಿಸಿದ. ಎರಡರಲ್ಲೂ ಒಂದೇ ಗುಂಯ್.

"ನನ್ನ ಕಾಯಿಲು ಇರೋದು ಒಂದ್ರಲ್ಲಿ. ಗುಂಯ್ ಅನ್ನೋದು ಎರಡ್ರಲ್ಲಿ. ಈಗೇನಂತೀಯ?" ಎಂದೆ.

ಪುಟ್ಟರಾಜು ಗಿಟಾರಿನ ಕಡೆ ಕೈ ತೋರಿಸಿದ.

ಆಮೇಲೆ ಗಿಟಾರಿನ ಕೇಬಲ್ಲು ಬದಲಾಯಿಸಿದೆ. ಫೋನುಗಳನ್ನೆಲ್ಲ ಆಚೆ ಇಡಿಸಿದೆ. ಫ್ಯಾನು, ಟ್ಯೂಬ್‌ಲೈಟು ಆರಿಸಿದೆ. ಮೈಕಿನಲ್ಲಿ ಹಾಡಿಸಿದರೆ ದನಿ ಚೊಕ್ಕಟ. ಗಿಟಾರು ಸಿಕ್ಕಿಸಿದರೆ ಗುಂಯ್. ಆಗ ಪುಟ್ಟರಾಜು ತಾನೇ ಗಿಟಾರು ಇಸಿದುಕೊಂಡ. ಚಕ್ರದ ಕುರ್ಚಿಯ ಮೇಲೆ ಕೂತು, ಕಾಲು ಎತ್ತಿ ಕುರ್ಚಿಯ ಪ್ಲಾಸ್ಟಿಕ್ ಕಾಲ ಮೇಲಿಟ್ಟುಕೊಂಡು ನಾಲ್ಕು ಸಲ ಮೀಟಿದ. ಗುಂಯ್ ಇಲ್ಲ. ಇದ್ದರೂ ಇಲ್ಲದ ಹಾಗೆ.

"ನೋಡಜ್ಜಿ, ನಾನ್ ಮುಟ್ಟುದ್ರೆ ಸುಮ್ಕಿರ್ತದೆ, ಇವ್ನು ಮುಟ್ಟುದ್ರೆ ಕಿರುಚ್ಕತದೆ. ಗಿಟಾರ್ಗೂ ಮನುಸ್ರ ಗುರ್ತು ಸಿಕ್ತದೆ ಕಣ್ಲಾ ನಂಜುಂಡ!"

ನಂಜುಂಡ ನಗಲಿಲ್ಲ. ನನ್ನ ಕಡೆ ತಿರುಗಿದ. "ಅಜ್ಜಿ, ತಂತಿ ಮುಟ್ಟುದ್ರೆ ಬೆರಳು ಜುಮ್ ಅಂತದೆ."

"ರಾತ್ರಿ ಪಾಳಿ ಮುಗಿಸ್ಕಂಡು ನಿದ್ದೆಗೆಟ್ಟು ಬಂದಿದ್ದೀಯ. ಜುಮ್ ಅನ್ದೆ ಇನ್ನೇನಂತದೆ?"

"ನಿದ್ದೆ ಮಾಡೇ ಬಂದಿವ್ನಿ ಕಣಜ್ಜಿ."

ನಾನು ನಂಬಲಿಲ್ಲ. ಕೈ ಸಾಲದವನು ಹುಡುಕಿಕೊಂಡ ನೆಪ ಅನಿಸಿತು. ತಂತಿಯನ್ನು ಎಲ್ಲಿ ಒತ್ತಬೇಕೋ ಅಲ್ಲಿ ಒತ್ತುತ್ತಿಲ್ಲ, ಅದಕ್ಕೇ ಹೀಗೆ ಎಂದುಬಿಟ್ಟೆ. ಬಾಸ್ ಗಿಟಾರನ್ನು ನನ್ನ ಜೀವಮಾನದಲ್ಲಿ ಹಿಡಿದವಳಲ್ಲ ನಾನು. ಆದರೂ ಅಂದೆ. ನಂಜುಂಡ ಗಿಟಾರನ್ನು ಚೀಲಕ್ಕೆ ಹಾಕತೊಡಗಿದ. ಪುಟ್ಟರಾಜು ಕೀಬೋರ್ಡಿನವನಿಗೆ ಫೋನು ಹಚ್ಚಿದ.

ನನ್ನ ಕೆಲಸ ಮುಗಿಯಿತೆಂದು ಕೈ ತೊಳೆಯಲು ಹಿತ್ತಲಿಗೆ ಹೋದೆ. ಆ ಹಿತ್ತಲು ನನಗೆ ಗೊತ್ತು. ಆ ಮನೆಯ ವೈರಿಂಗು ನನ್ನ ಗಂಡನದೇ. ನಲ್ಲಿ ಇತ್ತು, ಬಟ್ಟೆ ಒಗೆಯುವ ಕಲ್ಲು ಇರಲಿಲ್ಲ. ಅಲ್ಲೆಲ್ಲ ಟೈಲ್ಸು ಹಾಸಿ ಕಾರು ನಿಲ್ಲಿಸಿದ್ದರು. ಪುಟ್ಟರಾಜುವಿನ ತಾಯಿ ದೇವೀರಮ್ಮ ಮೆಟ್ಟಿಲ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದಳು.

"ದೇವೀರಮ್ಮ, ಕಲ್ಲೆಲ್ಲಿ?"

"ಯಾವ ಕಲ್ಲು?"

"ಬಟ್ಟೆ ಒಗಿಯೋ ಕಲ್ಲು ಕಣಮ್ಮ."

"ಅಯ್ಯೋ ಅದಾ! ಓದ್ ವರ್ಸ ಮಿಸನ್ ತಂದ್ರಲ್ಲ, ಕಿತ್ತಾಕುದ್ರು. ಈಗ ಬಟನ್ ಒತ್ತದು, ಟೀವಿ ನೋಡದು. ಯಾಕೆ, ಒಟ್ಟೆಕಿಚ್ಚಾ?"

"ಮಿಸನ್ ನೀರು ಎಲ್ಲಿಗೋಯ್ತದೆ?"

"ಪೈಪಲ್ಲಿ ಸೀದಾ ಚರಂಡಿಗೆ. ಒಂದ್ ತೊಟ್ಟೂ ನೆಲಕ್ಕೆ ಬೀಳಕಿಲ್ಲ."

ನಾನು ಅಲ್ಲೇ ನಿಂತೆ.

ಅರ್ತಿಂಗ್ ಎಂದರೆ ಏನೆಂದು ಹೇಳಬೇಕು. ಮಿಷನ್ನಿನ ಮೈಗೆ ಕರೆಂಟು ಸೋರಿದರೆ ಮನುಷ್ಯನ ಮೈ ಹಿಡಿಯದೆ ಭೂಮಿಗೆ ಇಳಿದುಹೋಗಲು ಒಂದು ದಾರಿ. ಆಳವಾಗಿ ಗುಂಡಿ ತೋಡಿ, ತೂತಿನ ಪೈಪು ಇಳಿಸಿ, ಸುತ್ತ ಇದ್ದಿಲು, ಉಪ್ಪು ತುಂಬುತ್ತೇವೆ. ಆ ಮಣ್ಣು ಸದಾ ಹಸಿಯಾಗಿರಬೇಕು. ಪೈಪಿಗೆ ನೀರು ಹಾಕಿ ಎಂದರೆ ಯಾವ ಮನೆಯವರೂ ಹಾಕುವುದಿಲ್ಲ. ಅದಕ್ಕೆ ನಾನೊಂದು ಜಾಣತನ ಮಾಡಿದ್ದೆ. ಗುಂಡಿಯನ್ನು ಒಗೆಯುವ ಕಲ್ಲಿನ ಪಕ್ಕವೇ ತೋಡಿಸಿ ಎಂದು ಗಂಡನಿಗೆ ಹೇಳಿದೆ. ಹೆಂಗಸರು ದಿನಾ ಒಗೆಯುತ್ತಾರೆ, ನೀರು ತಾನಾಗೇ ಇಳಿಯುತ್ತದೆ, ಯಾರಿಗೂ ಏನೂ ಹೇಳಬೇಕಿಲ್ಲ. ಹಾಗಾಗಿ ಯಾರಿಗೂ ಹೇಳಲಿಲ್ಲ. ನಾವು ವೈರಿಂಗ್ ಮಾಡಿದ ಮನೆಗಳಲ್ಲೆಲ್ಲ ಇದೇ ಕ್ರಮ.

ಒಳಗೆ ಹೋಗಿ ಟೆಸ್ಟ್ ಬಲ್ಬಿನ ಒಂದು ವೈರನ್ನು ಪ್ಲಗ್ಗಿನಲ್ಲಿ ಕರೆಂಟು ಬರುವ ಫೇಸಿಗೆ, ಇನ್ನೊಂದನ್ನು ಅರ್ತಿಗೆ ಹಿಡಿದೆ. ಅರ್ತಿಂಗ್ ಸರಿಯಿದ್ದರೆ ಬಲ್ಬು ಪೂರ್ತಿ ಉರಿಯಬೇಕು. ಒಳಗಿನ ತಂತಿ ಬೀಡಿಯ ಕಿಡಿಯಷ್ಟು ಕೆಂಪಾಯಿತು, ಅಷ್ಟೇ. ಗಿಟಾರನ್ನು ಚೀಲದಿಂದ ತೆಗೆಸಿ ಮತ್ತೆ ಸಿಕ್ಕಿಸಿದೆ. ಮೀಟರಿನ ಒಂದು ಕಡ್ಡಿ ತಂತಿಗೆ, ಇನ್ನೊಂದು ನೀರು ಚಿಮುಕಿಸಿದ ನೆಲಕ್ಕೆ. ತೊಂಬತ್ತಾರು ವೋಲ್ಟು.

ರೆಕಾರ್ಡಿಂಗ್ ಕಂಪ್ಯೂಟರಿನಿಂದ ಸೋರಿದ ಕರೆಂಟು ಭೂಮಿಗೆ ದಾರಿ ಕಾಣದೆ ಕೇಬಲ್ಲಿನ ಮೂಲಕ ಗಿಟಾರಿನ ತಂತಿಗೆ ಬಂದು, ಬರಿಗಾಲಲ್ಲಿ ನಿಂತ ನಂಜುಂಡನ ಮೈಯೊಳಗೇ ಇಳಿಯುತ್ತಿತ್ತು. ಗುಂಯ್ ಎನ್ನುತ್ತಿದ್ದದ್ದು ಅದು. ಕಾಲು ಎತ್ತಿಕೊಂಡು ಕೂತ ಪುಟ್ಟರಾಜುವಿನ ಮೈಯಲ್ಲಿ ಇಳಿಯುವುದಕ್ಕೆ ದಾರಿ ಇರಲಿಲ್ಲ. ಆ ಸೋರಿಕೆ ಕೊಲ್ಲುವಷ್ಟು ಬಲದ್ದಲ್ಲ. ಆದರೆ ಆ ಮನೆಯ ಗೀಸರೋ ಮಿಷನ್ನೋ ಒಂದು ದಿನ ಒಳಗೆ ಸುಟ್ಟು ಮೈಗೆ ತಾಗಿದರೆ, ಇಡೀ ಲೈನಿನ ಕರೆಂಟು ಅದೇ ತಂತಿಗೆ ಬರುತ್ತಿತ್ತು.

"ಕಾರು ತಗಿ. ಟೈಲ್ಸ್ ಒಡಿಬೇಕು," ಎಂದೆ.

"ಹೊಸಾ ಟೈಲ್ಸ್ ಅಜ್ಜಿ! ಇವ್ನ ಗಿಟಾರ್ಗೋಸ್ಕರ..."

"ಗಿಟಾರ್ಗಲ್ಲ ಕಣ್ಲಾ. ನಾಳೆ ನಿಮ್ಮವ್ವ ಆ ಮಿಸನ್ ಮುಚ್ಚಳ ಮುಟ್ಟದಿಲ್ವಾ?"

ಅವನು ಕಾರಿನ ಕೀ ತಂದ. ಟೈಲ್ಸು ಒಡೆದವನು ನಂಜುಂಡನೇ. ಪೈಪಿನ ಬಾಯಿ ಸಿಕ್ಕಿತು. ಸುತ್ತಲ ಮಣ್ಣು ಇಟ್ಟಿಗೆಯ ಹಾಗೆ ಒಣಗಿತ್ತು. ಉಪ್ಪು ಕಲೆಸಿ ಆರು ಕೊಡ ನೀರು ಇಳಿಸಿ, ಇಂಗಲು ಒಂದು ಗಂಟೆ ಬಿಟ್ಟೆವು. ಬಲ್ಬು ಹಿಡಿದೆ, ಕಣ್ಣು ಕೋರೈಸುವ ಹಾಗೆ ಉರಿಯಿತು. ನಂಜುಂಡ ಅದೇ ನೆಲದ ಮೇಲೆ ಬರಿಗಾಲಲ್ಲಿ ನಿಂತು ಬಾರಿಸಿದ. ನಾಲ್ಕು ದಪ್ಪ ತಂತಿಗಳ ದನಿ ಬಿಟ್ಟು ಬೇರೇನೂ ಕೇಳಲಿಲ್ಲ. ಚೆನ್ನಾಗಿಯೇ ಬಾರಿಸುತ್ತಾನೆ. ಪುಟ್ಟರಾಜು ಕೀಬೋರ್ಡಿನವನಿಗೆ ಬರಬೇಡ ಎಂದ.

"ಬೆರಳು ಜುಮ್ ಅಂತದಾ?" ಎಂದು ಕೇಳಿದೆ.

"ಇಲ್ಲಜ್ಜಿ."

"ನೀನು ಬೆಳಿಗ್ಗೇನೇ ಹೇಳ್ದೆ. ನಾನ್ ಕೇಳ್ಲಿಲ್ಲ. ತಪ್ಪು ನಂದು."

"ಬುಡಿ ಅಜ್ಜಿ," ಎಂದವನು ನನ್ನ ಚೀಲ ಹೊತ್ತು ಬಸ್‌ಸ್ಟ್ಯಾಂಡಿನವರೆಗೂ ಬಂದ.

ಆ ದಿನ ಮಾಲೀಕ, ಕೇಬಲ್ಲು, ಫೋನು, ಗಿಟಾರು, ಬಾರಿಸುವವನು, ಎಲ್ಲರ ಮೇಲೂ ಅನುಮಾನ ಪಟ್ಟಿದ್ದೆ. ನನ್ನ ಕೆಲಸದ ಮೇಲೆ ಮಾತ್ರ ಪಟ್ಟಿರಲಿಲ್ಲ. ಈಗ ಯಾರ ಮನೆಗೆ ಹೋದರೂ ಏನು ಕೆಟ್ಟಿದೆ ಎಂದು ಕೇಳುವುದಿಲ್ಲ. ಈ ಮನೆಯಲ್ಲಿ ಏನು ನಿಂತುಹೋಗಿದೆ ಎಂದು ಮೊದಲು ಕೇಳುತ್ತೇನೆ. ಮೈಗೆ ಹೀಗಾಗುತ್ತಿದೆ ಎಂದು ಯಾರಾದರೂ ಹೇಳಿದರೆ ಮೀಟರು ತೆಗೆಯುತ್ತೇನೆ, ಬಾಯಿ ತೆಗೆಯುವುದಿಲ್ಲ.

ಬಸ್ಸಿನಲ್ಲಿ ಕೂತು, ಕಲ್ಲಿನ ಪಕ್ಕ ಗುಂಡಿ ತೋಡಿಸಿದ ಮನೆಗಳನ್ನು ಒಂದೊಂದಾಗಿ ನೆನಪಿಸಿಕೊಂಡೆ. ಹದಿನಾಲ್ಕು ಸಿಕ್ಕವು. ಮಾರನೆಯ ದಿನ ಬೆಳಿಗ್ಗೆ, ಸೊಸೆ ಮಿಷನ್ನಿಗೆ ಬಟ್ಟೆ ತುಂಬುತ್ತಿದ್ದಾಗ, "ಕೈ ತಗಿ," ಎಂದು ಪ್ಲಗ್ಗು ಕಿತ್ತೆ. ನಮ್ಮ ಹಿತ್ತಲಲ್ಲಿ ಕಲ್ಲು ಇನ್ನೂ ಇದೆ, ಅದರ ಮೇಲೆ ಹೂವಿನ ಕುಂಡ ಜೋಡಿಸಿದ್ದಾಳೆ. ಟೆಸ್ಟ್ ಬಲ್ಬು ಹಿಡಿದೆ. ಬೀಡಿಯ ಕಿಡಿ. ಕುಂಡಗಳನ್ನು ಇಳಿಸಿ, ಸೆರಗು ಸಿಕ್ಕಿಸಿ, ನೀರು ಹೊತ್ತೆ. ಬಲ್ಬು ಪೂರ್ತಿ ಉರಿದ ಮೇಲೆ ಕಾಫಿ ಕುಡಿದು, ಎರಡನೆಯ ಮನೆಗೆ ಹೊರಟೆ.