ಹುಣಸೆಹಣ್ಣಿನಲ್ಲಿ ತೊಳೆದ ನಂಬರು

ನವರಾತ್ರಿಗೆ ಮುಂಚೆ ದೇವರ ಪಾತ್ರೆಗಳನ್ನೆಲ್ಲ ಹೊರಗೆ ತೆಗೆದು ಹುಣಸೆಹಣ್ಣಿನಲ್ಲಿ ತಿಕ್ಕುವುದು ನಮ್ಮ ಮನೆಯಲ್ಲಿ ಇನ್ನೂ ನನ್ನ ಪಾಲಿನ ಕೆಲಸ. ಮಗಳು ಡಬ್ಬಿಯಲ್ಲಿ ಬರುವ ಯಾವುದೋ ಪುಡಿ ತಂದುಕೊಟ್ಟಿದ್ದಾಳೆ, ಕ್ಷಣದಲ್ಲಿ ಫಳಫಳ ಹೊಳೆಯುತ್ತದಂತೆ. ನಾನು ಅದನ್ನು ಸಿಂಕಿನ ಕೆಳಗೆ ತಳ್ಳಿ ಸುಮ್ಮನಿದ್ದೇನೆ. ನೆನೆಹಾಕಿದ ಹುಣಸೆಹಣ್ಣು, ಒದ್ದೆ ಹಿತ್ತಾಳೆ, ಬೆರಳ ಸಂದಿಯ ಹುಳಿ... ಈ ವಾಸನೆ ಮೂಗಿಗೆ ಬಡಿದರೆ ಸಾಕು, ಮುಂಬಯಿಯ ದಹಿಸರ್‌ನ ನಮ್ಮ ಹಳೆಯ ಬಿಲ್ಡಿಂಗಿನ ಗ್ರೌಂಡ್ ಫ್ಲೋರಿನ ಆಂಟಿ ಬಂದು ಪಕ್ಕದಲ್ಲಿ ನಿಲ್ಲುತ್ತಾರೆ. ಈ ಸಲ ಮೊದಲು ಕೈಗೆ ಬಂದದ್ದು ಅವರೇ ಕೊಟ್ಟ ಚೊಂಬು. ಅದರ ಕುತ್ತಿಗೆಯ ಕೆಳಗೆ ಪಾತ್ರೆ ಅಂಗಡಿಯವನು ಚುಕ್ಕಿ ಚುಕ್ಕಿಯಾಗಿ ಕೆತ್ತಿದ ಅವರ ಹೆಸರಿದೆ. ಆ ಹೆಸರು ಇಲ್ಲಿ ಬೇಡ. ಬಿಲ್ಡಿಂಗಿನಲ್ಲಿ ಯಾರೂ ಅವರನ್ನು ಅದರಿಂದ ಕರೆದದ್ದಿಲ್ಲ. ಎಲ್ಲರ ಬಾಯಲ್ಲೂ ಅವರು ಗಾಡಿವಾಲಿ ಆಂಟಿ.

ಆ ಗಾಡಿ ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳ ಒಡಹುಟ್ಟು, ಅದೇ ಮಾಡೆಲು. ಟ್ಯಾಕ್ಸಿಗಳೆಲ್ಲ ಒಂದೊಂದಾಗಿ ಗುಜರಿ ಸೇರಿದ ಮೇಲೂ ಆಂಟಿಯ ಕೆನೆ ಬಣ್ಣದ ಕಾರು ಗೇಟಿನ ಪಕ್ಕದ ಬಾದಾಮಿ ಮರದ ಕೆಳಗೆ ಠೀವಿಯಿಂದ ನಿಂತಿರುತ್ತಿತ್ತು. ಕೊಂಡವರು ಅಂಕಲ್, ಓಡಿಸಿದವರು ಹೆಚ್ಚಾಗಿ ಆಂಟಿ. ಎತ್ತರ ಸಾಲದ್ದಕ್ಕೆ ಸೀಟಿನ ಮೇಲೆ ಒಂದು ದಿಂಬು. ರಿಕ್ಷಾದವರಿಗೆ ಹಿಂದಿಯಲ್ಲಿ ಬೈಗುಳ, ಕಾರಿಗೆ ಮೈಸೂರಿನ ಕನ್ನಡದಲ್ಲಿ ಮುದ್ದು. ಬೆಳಿಗ್ಗೆ ಅದು ಸ್ಟಾರ್ಟ್ ಆಗದೆ ಕೆಮ್ಮುತ್ತಿದ್ದರೆ, "ಏಳಮ್ಮಾ, ಹಟ ಮಾಡ್ಬೇಡ, ತರಕಾರಿ ಎಲ್ಲಾ ಖಾಲಿ ಆಗ್ಬಿಡುತ್ತೆ" ಎಂದು ಸ್ಟಿಯರಿಂಗ್ ಸವರುತ್ತಿದ್ದದ್ದು ಮೊದಲ ಮಹಡಿಯ ನಮ್ಮ ಅಡಿಗೆಮನೆಗೆ ಕೇಳುತ್ತಿತ್ತು. ಎಷ್ಟೋ ದೂರದ ಬೈಕುಲ್ಲಾದ ಮಾರ್ಕೆಟ್ಟಿಗೇ ಹೋಗಿ ತರಕಾರಿ ತರಬೇಕು ಅವರಿಗೆ. ದಹಿಸರ್‌ನಲ್ಲಿ ಬದನೆಕಾಯಿ ಸಿಗುವುದಿಲ್ಲವೇ ಎಂದರೆ, "ಸಿಗುತ್ತೆ, ಆದ್ರೆ ದಾರಿ ಸಿಗಲ್ವಲ್ಲ" ಎನ್ನುತ್ತಿದ್ದರು.

ನನಗೆ ಕಾರುಗಳ ಹುಚ್ಚಿಲ್ಲ. ನಾನು ಲೋಕಲ್ ಟ್ರೇನಿನ ಹೆಂಗಸು. ಆದರೆ ಹೆರಿಗೆ ನೋವು ಶುರುವಾದ ದಿನ ಗಂಡ ಆಫೀಸಿನಲ್ಲಿದ್ದರು, ಹೊರಗೆ ಧೋ ಎಂದು ಮಳೆ. ನನ್ನನ್ನು ಆಸ್ಪತ್ರೆಗೆ ಕರೆದೊಯ್ದದ್ದು ಆ ಕಾರು. ಹಿಂದಿನ ಸೀಟಿಗೆ ಹಳೆಯ ಸೀರೆ ಹಾಸಿ, "ಸೀಟು ಹಾಳಾದ್ರೆ ಆಗ್ಲಿ, ನೀನು ಮಾತ್ರ ಕೂಗ್ಬೇಡ ಕಣೇ, ನಂಗೆ ಗೇರು ಮರೆತುಹೋಗುತ್ತೆ" ಎಂದು ಗದರಿಸಿಕೊಂಡೇ ಓಡಿಸಿದರು. ಹೀಗೆ ಆ ಬಿಲ್ಡಿಂಗಿನಲ್ಲಿ ಆ ಸೀಟಿನ ಋಣ ಇಲ್ಲದ ಮನೆಯೇ ಇರಲಿಲ್ಲ.

ಅಂಕಲ್‌ರನ್ನು ನಾನು ನೋಡಿದ್ದು ಫೋಟೋದಲ್ಲಿ ಮಾತ್ರ. ನಾನು ಮದುವೆಯಾಗಿ ಅಲ್ಲಿಗೆ ಬರುವ ಮುಂಚೆಯೇ ಅವರು ತೀರಿಕೊಂಡಿದ್ದರು. ಆಂಟಿ ಹೇಳಿದ್ದು ಇಷ್ಟು: ದೊಡ್ಡ ಆಪರೇಷನ್ ಆಗಿ ಸುಧಾರಿಸಿಕೊಳ್ಳಲು ಆಂಟಿ, ಅಂಕಲ್ ಒಬ್ಬರನ್ನೇ ಮನೆಯಲ್ಲಿ ಬಿಟ್ಟು, ಮೈಸೂರಿನ ತಂಗಿಯ ಮನೆಗೆ ಹೋಗಿದ್ದರು. ದಸರೆಗೂ ಅಲ್ಲೇ ಉಳಿದರು. ಹಬ್ಬ ಕಳೆದ ವಾರದಲ್ಲೇ ಫೋನು ಬಂತು, ಎದೆನೋವು ಎಂದು ಆಸ್ಪತ್ರೆಗೆ ಹೋದ ಅಂಕಲ್ ವಾಪಸು ಬರಲಿಲ್ಲ. ಆಂಟಿ ಬಂದು ಬಾಗಿಲು ತೆಗೆದಾಗ ದೇವರ ಗೂಡಿನಲ್ಲಿ, ಲಕ್ಷ್ಮಿಯ ಪಟದ ಮುಂದೆ, ಅಂಗೈಯಷ್ಟಗಲದ ಹಿತ್ತಾಳೆಯ ತಗಡೊಂದು ಇತ್ತು. ಮೈತುಂಬ ಗಂಧ, ಕುಂಕುಮ, ಬಾಡಿದ ಸೇವಂತಿಗೆ.

ಅಂಕಲ್‌ಗೆ ದೇವರು ದಿಂಡರು ಎಂದರೆ ಅಷ್ಟಕ್ಕಷ್ಟೇ ಆಗಿತ್ತಂತೆ. ಅಂಥ ಮನುಷ್ಯ ಯಾರ ಹತ್ತಿರವೋ ಹೋಗಿ, ಹೆಂಡತಿಗೆ ಗುಣವಾಗಲೆಂದು ತಗಡು ಮಂತ್ರಿಸಿ ತಂದು ಪೂಜೆ ಮಾಡಿದ್ದಾರೆ! ಆಂಟಿಗೆ ಅದರಲ್ಲಿ ಸಂಶಯವೇ ಇರಲಿಲ್ಲ. ಅಂದಿನಿಂದ ಪ್ರತಿ ಶುಕ್ರವಾರ ಅದಕ್ಕೆ ಹುಣಸೆಹಣ್ಣಿನ ಸ್ನಾನ, ಹೊಸ ಗಂಧ, ಹೊಸ ಕುಂಕುಮ, ಒಂದು ಹೂವು. ನಾನು ಎಷ್ಟೋ ಶುಕ್ರವಾರ ಅವರ ಪಕ್ಕದಲ್ಲಿ ಕುಳಿತು ಅದನ್ನು ಕೈಗೆತ್ತಿಕೊಟ್ಟಿದ್ದೇನೆ. ಅದರ ಮೇಲೆ ಏನೋ ಗೀಚಿದಂತೆ ಇತ್ತು. ದೇವರ ತಗಡನ್ನು ಯಾರು ಓದುತ್ತಾರೆ? ಕಣ್ಣಿಗೊತ್ತಿಕೊಂಡು ಇಡುತ್ತೇವೆ, ಅಷ್ಟೇ. "ನಾನು ಬದುಕಿ ಓಡಾಡ್ಕೊಂಡಿದ್ದೀನಿ ಅಂದ್ರೆ ಇದ್ರಿಂದ್ಲೇ. ನನಗೆ ಅಂತ ಮಾಡಿಸಿ ಅವರು ಹೊರಟುಹೋದ್ರು ನೋಡು" ಎಂದು ಹೇಳುವಾಗ ಅವರ ದನಿ ಸಣ್ಣದಾಗುತ್ತಿತ್ತು.

ಹೀಗಿರುವಾಗ ಕಾರಿನ ರಿಜಿಸ್ಟ್ರೇಷನ್ ಮುಗಿಯಿತು. ಹಳೆಯ ಗಾಡಿಯಲ್ಲವೇ, ಮತ್ತೆ ಓಡಿಸಬೇಕಾದರೆ ಆರ್‌ಟಿಓಗೆ ಒಯ್ದು ತೋರಿಸಿ ಪಾಸು ಮಾಡಿಸಬೇಕು. ರಜೆ ಇತ್ತು, ನಾನೂ ಜೊತೆಗೆ ಹೋದೆ. ಆಂಟಿ ರೇಷ್ಮೆ ಸೀರೆ ಉಟ್ಟು, ಕಾರಿಗೂ ಹೂವು ಮುಡಿಸಿ, ಮಗಳನ್ನು ಶಾಲೆಗೆ ಸೇರಿಸಲು ಹೊರಟವರ ಹಾಗೆ ಹೊರಟಿದ್ದರು.

ಇನ್‌ಸ್ಪೆಕ್ಟರ್ ಕನ್ನಡಕದ, ಕಡಿಮೆ ಮಾತಿನ ಮನುಷ್ಯ. ಬಾನೆಟ್ ಎತ್ತಿಸಿ, ಕೈಯಲ್ಲಿ ಪೆನ್ಸಿಲು, ಕಾಗದ ಹಿಡಿದು ಬಗ್ಗಿದರು. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲು ಉಜ್ಜಿ ಅಚ್ಚು ತೆಗೆಯುವುದು ಅವರ ಕ್ರಮ. ಅಚ್ಚು ತೆಗೆಯಲು ಅಲ್ಲಿ ಏನೂ ಇರಲಿಲ್ಲ. ಕಂಪನಿಯವರು ನಂಬರು ಹೊಡೆದು ಕೂರಿಸಿದ ತಗಡು ಇರಬೇಕಾದ ಜಾಗದಲ್ಲಿ ನಾಲ್ಕು ತೂತು ಮಾತ್ರ. ಬಾಡಿಯ ಮೇಲೆ ಕೊರೆದಿದ್ದ ನಂಬರೂ ತುಕ್ಕು ತಿಂದು, ಯಾವತ್ತೋ ಹಾಕಿಸಿದ ವೆಲ್ಡಿಂಗಿನ ತೇಪೆಯ ಕೆಳಗೆ ಹೋಗಿತ್ತು. ಎಂಜಿನ್ ನಂಬರು ಸರಿಯಿದೆಯಲ್ಲ ಎಂದು ನಾನು ಬಾಯಿ ಹಾಕಿದೆ. ಎಂಜಿನ್ ಯಾವ ಗಾಡಿಯದನ್ನು ಬೇಕಾದರೂ ತಂದು ಕೂರಿಸಬಹುದು ಎಂದುಬಿಟ್ಟರು. ಆಮೇಲೆ ಆಂಟಿಯ ಕಡೆ ತಿರುಗಿ ಕೇಳಿದರು, "ಗಾಡಿ ಆಪ್ ಕೀ ಹೀ ಹೈ, ಇಸ್‌ಕಾ ಸಬೂತ್ ಕ್ಯಾ ಹೈ?" ಗಾಡಿ ನಿಮ್ಮದೇ ಎನ್ನುವುದಕ್ಕೆ ಸಾಕ್ಷಿ ಏನು ಎಂದು.

ಅವರ ತಪ್ಪೇನೂ ಇರಲಿಲ್ಲ. ತಗಡಿಲ್ಲದ ಗಾಡಿ ಎಂದರೆ ಕದ್ದ ಗಾಡಿ ಎಂಬ ಗುಮಾನಿ ಬರುವುದೇ. ತಗಡು ತನ್ನಿ, ಇಲ್ಲದಿದ್ದರೆ ಇದು ಗುಜರಿಗೆ ಹೋಗಬೇಕಾಗುತ್ತದೆ ಎಂದು ಸ್ವಲ್ಪ ದಿನದ ಗಡುವು ಕೊಟ್ಟರು. ಆಂಟಿ ಬಂದು ಸೀಟಿನ ದಿಂಬನ್ನು ಸರಿಮಾಡಿಕೊಂಡರು. ಗೇಟು ದಾಟಿದ ಮೇಲೆ ಹೇಳಿದರು, "ಕಳ್ಳಿ ಅಂದ್ರಲ್ಲೇ ನನ್ನ."

ಹೊರಗೆ ನಿಂತಿದ್ದ ಏಜೆಂಟನೊಬ್ಬ ಹಿಂದೆಯೇ ಬಂದಿದ್ದ. ಬೈಕುಲ್ಲಾದ ಗಲ್ಲಿಯೊಂದರಲ್ಲಿ ಎಂಥ ತಗಡನ್ನಾದರೂ ಹೊಡೆದುಕೊಡುತ್ತಾರೆ, ಬ್ರಹ್ಮ ಬಂದರೂ ಗುರುತು ಹತ್ತುವುದಿಲ್ಲ ಎಂದ. ನನಗೆ ಅದೇ ಸರಿ ಎನಿಸಿತು. ಗಾಡಿಯ ಆರ್‌ಸಿ ಪುಸ್ತಕದಲ್ಲಿರುವ ನಂಬರನ್ನೇ ತಾನೇ ಹೊಡೆಸುವುದು, ಸುಳ್ಳೇನು ಬಂತು ಎಂದು ವಾದಿಸಿದೆ. ಆಂಟಿ ಮುಖ ತಿರುಗಿಸಿದರು. "ಅದು ಹುಟ್ಟುವಾಗ್ಲೇ ತಂದಿದ್ದ ನಂಬರು ಕಣೇ. ಗಲ್ಲಿಯವನ ಹತ್ರ ಹೊಡೆಸಿದ್ರೆ ನಾನು ನಿಜವಾಗ್ಲೂ ಕಳ್ಳಿ ಆಗ್ತೀನಿ."

ಮುಂದಿನ ಭಾನುವಾರ ಕುರ್ಲಾಕ್ಕೆ ಹೋದೆವು. ಆ ಕಾರಿಗೆ ಮೊದಲಿನಿಂದಲೂ ಕೈಹಾಕುತ್ತಿದ್ದ ಮೇಸ್ತ್ರಿಯ ಗ್ಯಾರೇಜು ಅಲ್ಲಿತ್ತು. ವಿಜಾಪುರದ ಕಡೆಯವರು, ತಲೆ ಪೂರ್ತಿ ಹಣ್ಣಾಗಿತ್ತು. ತಗಡು ಎಂದ ಕೂಡಲೇ ಅವರು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು.

"ಅದನ್ನ ನಾನಽ ಬಿಚ್ಚಿ ಸಾಹೇಬ್ರ ಕೈಯಾಗ ಕೊಟ್ಟೇನಲ್ರಿ, ಬಾಯಾರ. ಬಣ್ಣಾ ಹೊಡಿಯಾಕ ಗಾಡಿ ಬಿಟ್ಟಿದ್ರು. ನೀವು ಊರಿಂದ ಬರೂದ್ರೊಳಗ ಹೊಸಾದ್ರಗತೆ ಆಗ್ಬೇಕು ಅಂತ ಭಾಳ ಅವಸರಾ ಮಾಡಿದ್ರು. ಆಯುಧಪೂಜಾಕ್ಕ ಗಾಡಿ ಸಿಗಂಗಿಲ್ರೀ ಅಂದೆ. ಹಂಗಾರ ಆ ತಗಡರ ಕೊಡಪಾ, ಅದಕ್ಕಽ ಪೂಜಾ ಮಾಡ್ತೀನಿ ಅಂದ್ರು. ಆಮ್ಯಾಲ ಅವ್ರು ಹ್ವಾದ್ರು... ಗಾಡಿ ತಂದು ಬಿಟ್ಟಾಗ ನಿಮ್ಮನ್ನ ಕೇಳಾಕ ನನಗ ಬಾಯಿ ಬರಲಿಲ್ರಿ. ಇಟ್ಟಿರ್ತೀರಿ ಅಂತ ಸುಮ್ನಾದೆ."

ಅಲ್ಲಿಂದ ದಹಿಸರ್‌ವರೆಗೆ ಆಂಟಿ ಒಬ್ಬ ರಿಕ್ಷಾದವನನ್ನೂ ಬೈಯಲಿಲ್ಲ. ತಗಡು ಎಲ್ಲಿದೆಯೆಂದು ಇಬ್ಬರಿಗೂ ಗೊತ್ತಾಗಿತ್ತು.

ಮನೆಗೆ ಬಂದವರೇ ಚಪ್ಪಲಿ ಬಿಟ್ಟು, ಕೈಕಾಲು ತೊಳೆದುಕೊಂಡು ದೇವರ ಗೂಡಿನ ಮುಂದೆ ನಿಂತರು. ತಗಡನ್ನು ಎತ್ತಿ ಸೆರಗಿನಲ್ಲಿ ಕುಂಕುಮ ಒರೆಸಿದರು. ನಾಲ್ಕು ಮೂಲೆಗೆ ನಾಲ್ಕು ತೂತು, ಅದರೊಳಗೆ ಗಟ್ಟಿಯಾಗಿ ಕೂತ ಗಂಧ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ಸವೆದ ಇಂಗ್ಲಿಷ್ ಅಕ್ಷರಗಳು ಕಂಡೂ ಕಾಣದಂತೆ ಇದ್ದವು. ಆಂಟಿ ಮೊದಲು ನಕ್ಕರು. "ನೋಡೇ, ಇಷ್ಟು ವರ್ಷ ಕಾರಿಗೆ ಆರತಿ ಎತ್ತಿದ್ದೀನಿ." ನಗುತ್ತ ನಗುತ್ತ ಅಲ್ಲೇ ಮಣೆಯ ಮೇಲೆ ಕುಳಿತರು, ಕುಳಿತವರು ಅಳತೊಡಗಿದರು. "ನನಗೋಸ್ಕರ ಮಾಡಿಸಿದ್ರು ಅಂದ್ಕೊಂಡಿದ್ನಲ್ಲೇ..."

ಗುಜರಿಗೆ ಹೋಗಲಿದ್ದ ಕಾರು ಉಳಿಯುವ ದಾರಿ ಸಿಕ್ಕಿತ್ತು, ಆದರೆ ಇಷ್ಟು ವರ್ಷ ಅವರನ್ನು ನಿಲ್ಲಿಸಿದ್ದ ನಂಬಿಕೆ ಕೈಬಿಟ್ಟಿತ್ತು. ನಾನು ಒಳಗೆ ಹೋಗಿ ಕಾಫಿ ಮಾಡಿದೆ. ನಮ್ಮ ಕಡೆ ಹೆಂಗಸರಿಗೆ ಮಾತು ಹೊಳೆಯದಿದ್ದಾಗ ಹೊಳೆಯುವುದು ಅದೊಂದೇ.

ಕಷ್ಟ ಅಲ್ಲಿಗೇ ಮುಗಿಯಲಿಲ್ಲ. ಶುಕ್ರವಾರದ ಹುಣಸೆಹಣ್ಣು ನಂಬರನ್ನು ಹೆಚ್ಚುಕಡಿಮೆ ನುಂಗಿಹಾಕಿತ್ತು. ನಾನು ಮಗಳ ಪೆನ್ಸಿಲು ತಂದು ಕಾಗದ ಇಟ್ಟು ಉಜ್ಜಿದೆ. ಮೊದಲಿನ ಅಂಕಿಗಳು ಮಂಕಾಗಿ ಬಂದವು, ಕೊನೆಯವು ಬರಲೇ ಇಲ್ಲ. ಕೊನೆಯವೇ ಮುಖ್ಯ, ಒಂದು ಗಾಡಿಯನ್ನು ಇನ್ನೊಂದರಿಂದ ಬೇರೆ ಮಾಡುವುದು ಅವೇ.

ಆದರೂ ಒಯ್ದೆವು. ಇನ್‌ಸ್ಪೆಕ್ಟರ್ ತಗಡನ್ನು ಬಹಳ ಹೊತ್ತು ನೋಡಿದರು. ಬಾನೆಟ್ಟಿನ ಕೆಳಗಿನ ತೂತುಗಳಿಗೆ ಇಟ್ಟು ನೋಡಿದರು, ನಾಲ್ಕೂ ಕೂತವು. "ಕಿಸ್‌ನೇ ಘಿಸಾ ಇತ್ನಾ?" ಎಂದು ಕೇಳಿದರು, ಇಷ್ಟು ಸವೆಸಿದ್ದು ಯಾರು ಎಂದು. ಆಂಟಿ ತಲೆಯೆತ್ತಿ ಹೇಳಿದರು, "ಮೈಂನೇ. ಭಗವಾನ್ ಸಮಝ್ ಕೇ." ನಾನೇ, ದೇವರೆಂದು ತಿಳಿದು. ಆ ಮನುಷ್ಯ ನಗಲಿಲ್ಲ, ಬೈಯಲಿಲ್ಲ. ತೂತಿನಲ್ಲಿದ್ದ ಕುಂಕುಮ ಕಂಡಿರಬೇಕು. ತಗಡನ್ನು ಮಗುಚಿ ಹಿಂಬದಿಯನ್ನು ಹೆಬ್ಬೆರಳಿನಿಂದ ಸವರಿದರು. ಹಿಂಬದಿಯನ್ನು ಆಂಟಿ ಎಂದೂ ತಿಕ್ಕಿರಲಿಲ್ಲ, ದೇವರ ಬೆನ್ನನ್ನು ಯಾರು ತಿಕ್ಕುತ್ತಾರೆ? ಮುಂದಿನಿಂದ ಹೊಡೆದ ಅಂಕಿಗಳು ಅಲ್ಲಿ ಉಬ್ಬಿಕೊಂಡು ಹಾಗೇ ಇದ್ದವು. ಅದರ ಮೇಲೆ ಕಾಗದ ಇಟ್ಟು ಪೆನ್ಸಿಲು ಉಜ್ಜಿ, ಕಾಗದವನ್ನು ಮಗುಚಿ ಬೆಳಕಿಗೆ ಹಿಡಿದರು. ಪುಸ್ತಕದಲ್ಲಿದ್ದ ನಂಬರು, ಕೊನೆಯ ಅಂಕಿಯವರೆಗೂ. ಅಲ್ಲೇ ಕೂರಿಸಿ ರಿವೆಟ್ ಹೊಡೆಸಿ ಎಂದು ಹೇಳಿ, ಹೊರಡುವಾಗ ಒಂದು ಮಾತು ಸೇರಿಸಿದರು. "ಆಂಟೀ, ಅಬ್ ಸೇ ಪೂಜಾ ದೂರ್ ಸೇ ಕರ್‌ನಾ."

ದೂರದಿಂದ ಪೂಜೆ ಮಾಡುವ ಹೆಂಗಸೇ ಅವರು? ಮೇಸ್ತ್ರಿ ರಿವೆಟ್ ಹೊಡೆದು ಹೋದ ಮೇಲೂ ಶುಕ್ರವಾರ ತಪ್ಪಲಿಲ್ಲ. ಸ್ನಾನ ಮಾಡಿ, ಒದ್ದೆ ಕೂದಲಿಗೆ ಟವೆಲು ಸುತ್ತಿ, ಕೆಳಗೆ ಬಂದು ಬಾನೆಟ್ ಎತ್ತಿ ತಗಡಿಗೆ ಒಂದು ಹೂವು ಏರಿಸುತ್ತಿದ್ದರು. ನೋಡಿದವರೆಲ್ಲ ಕಾರು ಮತ್ತೆ ಕೆಟ್ಟಿತೆಂದು ತಳ್ಳಲು ಓಡಿಬರುತ್ತಿದ್ದರು. ಅಂಥದ್ದೇ ಒಂದು ಬೆಳಿಗ್ಗೆ ಅವರು ನನ್ನನ್ನು ಕರೆದು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ. "ಮೇಸ್ತ್ರಿ ಏನಂದ್ರು ನೆನಪಿದ್ಯಾ? ನಾನು ಊರಿಂದ ಬರೋದ್ರೊಳಗೆ ಹೊಸದಾಗ್ಬೇಕು ಅಂದಿದ್ರಂತೆ. ಹಾಗಿದ್ರೆ ನನಗೋಸ್ಕರಾನೇ ಅಲ್ವೇನೇ?" ಹೌದು ಆಂಟಿ, ನಿಮಗೋಸ್ಕರಾನೇ ಎಂದೆ. ಅಷ್ಟು ಮನಸಾರೆ ನಾನು ಯಾರಿಗೂ ಹೌದು ಎಂದಿಲ್ಲ.

ಆಂಟಿ ಹೋದ ಮೇಲೆ ಕಾರನ್ನು ಅವರ ತಂಗಿಯ ಕಡೆಯವರು ಯಾರಿಗೋ ಮಾರಿದರು. ಚೊಂಬು ನನ್ನ ಹತ್ತಿರ ಉಳಿಯಿತು. ಕೆಲ ಕಾಲದ ನಂತರ ನಾವೂ ಆ ಬಿಲ್ಡಿಂಗ್ ಬಿಟ್ಟೆವು.

ಕಳೆದ ಚಳಿಗಾಲದಲ್ಲಿ ಮಗಳು ಹಳೆಯ ಕಾರುಗಳ ಮೆರವಣಿಗೆ ನೋಡಲು ಕರೆದೊಯ್ದಿದ್ದಳು. ಸಾಲಿನ ಕೊನೆಯಲ್ಲಿ ಆ ಕೆನೆ ಬಣ್ಣ ಕಂಡು ನನ್ನ ಕಾಲು ನಿಂತಿತು. ಹೊರಗಿನ ನಂಬರ್ ಪ್ಲೇಟು ಅದೇ. "ಅಮ್ಮಾ, ಇದು... ನಾನು ಹುಟ್ಟಿದಾಗ... ವೋ ಹೀ ಗಾಡಿ?" ಎಂದು ಮಗಳು ತನ್ನ ಅರೆಬರೆ ಕನ್ನಡದಲ್ಲಿ ಕೇಳಿದಳು. ಮಾಲೀಕ ಸಭ್ಯ ಮನುಷ್ಯ, ಕಾರನ್ನು ಕಣ್ಣಿನ ಹಾಗೆ ಕಾಪಾಡಿದ್ದ. ಕೇಳಿಕೊಂಡಾಗ ಸಂತೋಷದಿಂದಲೇ ಬಾನೆಟ್ ಎತ್ತಿದ. ಅಲ್ಲಿ ತಗಡು ಇತ್ತು. ಕನ್ನಡಿಯ ಹಾಗೆ ಹೊಳೆಯುವ ಹೊಸ ತಗಡು, ಒಂದೊಂದು ಅಂಕಿಯೂ ಮುತ್ತು ಪೋಣಿಸಿದಂತೆ. ನಾನು ಅಂದು ಬೈಕುಲ್ಲಾದಲ್ಲಿ ಹೊಡೆಸೋಣ ಎಂದು ವಾದಿಸಿದ್ದೆನಲ್ಲ, ಅಂಥದ್ದೇ. ಹಳೆಯದು ಎಲ್ಲಿ ಎಂದು ಕೇಳಿದೆ.

"ವೋ ತೋ ಪೂರಾ ಘಿಸಾ ಹುವಾ ಥಾ, ಆಂಟೀ," ಎಂದ. ಪೂರ್ತಿ ಸವೆದಿತ್ತಂತೆ. ಅಳತೆ ತೆಗೆದುಕೊಂಡು ಎಸೆದನಂತೆ.

ಗಾಡಿ ಚೆನ್ನಾಗಿದೆ ಎಂದು ಹೇಳಿ ಬಂದೆ. ಟ್ರೇನಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತೆ, ಮಗಳು ನನ್ನ ಕೈ ಹಿಡಿದುಕೊಂಡಿದ್ದಳು. ಆಂಟಿ ಹೋದಾಗಲೂ ನಾನು ಅಷ್ಟು ಅತ್ತಿರಲಿಲ್ಲ.

ಈಗ ಚೊಂಬಿನ ಒಳಗೂ ಹೊರಗೂ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದೇನೆ. ಬುಡ ಹೊಳೆಯುತ್ತಿದೆ, ಹೊಟ್ಟೆ ಹೊಳೆಯುತ್ತಿದೆ. ಕುತ್ತಿಗೆಯ ಕೆಳಗೆ ಒಂದು ಪಟ್ಟಿ ಮಾತ್ರ ಕಪ್ಪಾಗಿ, ಸ್ವಲ್ಪ ಹಸಿರು ಹತ್ತಿ, ಹಾಗೇ ಇದೆ. ಅದನ್ನೇಕೆ ಬಿಟ್ಟೆ, ಕೊಡು ನಾನು ಉಜ್ಜುತ್ತೇನೆ ಎಂದು ಮಗಳು ಕೈ ಚಾಚಿದಳು. ಬೇಡ ಎಂದೆ. ಆ ಚುಕ್ಕಿಗಳಲ್ಲಿ ಅವರ ಹೆಸರಿದೆ.