ಕಡೆಯ ಬೆಂಚಿನ ದೊಡ್ಡಕ್ಕೋರು

ನಮ್ಮ ದೊಡ್ಡಕ್ಕೋರು ಕಡೆಯ ಬೆಂಚಿನಲ್ಲಿ ಕೂತು ಗೊರಕೆ ಹೊಡೆಯುವುದನ್ನು ನೀವು ನೋಡಬೇಕಿತ್ತು. ಎಲ್ಲಾ ಕಳ್ಳಗೊರಕೆ. ಅರವತ್ತರ ಹತ್ತಿರದ, ಇಳಕಲ್ ಸೀರೆಯ ದಪ್ಪ ಹೆಂಗಸು, ಶಾಲೆಯ ಹೆಡ್‌ಮಿಸ್ಸು, ಎಂಟು ವರ್ಷದ ಹುಡುಗಿಯರ ನಡುವೆ ಒತ್ತಿಕೊಂಡು ಕೂತು ಬಾಯಿ ತೆರೆದು ಮಲಗಿಬಿಡುತ್ತಿದ್ದರು. ಹೊಸ ಟೀಚರನ್ನು ಆರಿಸುವ ಅವರ ಪದ್ಧತಿಯೇ ಅದು. ಸರ್ಟಿಫಿಕೇಟು ಆಮೇಲೆ, ಮೊದಲು ಒಂದು ತಾಸು ಪಾಠ. ಆ ತಾಸಿನಲ್ಲಿ ಪಕ್ಕದವಳ ಜಡೆ ಎಳೆಯುತ್ತಿದ್ದರು, ಹುಣಸೆಹಣ್ಣು ಚೀಪುತ್ತಿದ್ದರು, ಮೂರು ಸಲ ಕಿರುಬೆರಳು ಎತ್ತುತ್ತಿದ್ದರು.

ತೆಲುಗು ಸೀಮೆಯ ಕೂಕಟ್‌ಪಲ್ಲಿಯಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಮೂರು ಖೋಲಿಗಳೇ ನಮ್ಮ ಶಾಲೆ. ಸುತ್ತ ಏಳುತ್ತಿದ್ದ ಅಪಾರ್ಟ್‌ಮೆಂಟುಗಳಿಗೆ ರಾಯಚೂರು, ಯಾದಗಿರಿ ಕಡೆಯಿಂದ ಇಟ್ಟಿಗೆ ಹೊರಲು ಬಂದವರ ಮಕ್ಕಳು ಅಲ್ಲಿ ಕನ್ನಡ ಓದುತ್ತಿದ್ದರು. ಆ ಮಕ್ಕಳಿಗೆ ಟೀಚರೆಂದರೆ ಅಕ್ಕೋರು, ಹೆಡ್‌ಮಿಸ್ಸು ದೊಡ್ಡಕ್ಕೋರು.

ನಾನು ಅವರ ಕೈಗೆ ಸಿಕ್ಕಿದ್ದು ಕಂಪ್ಯೂಟರ್ ಕೋಚಿಂಗ್ ಸೆಂಟರಿನ ಮೆಟ್ಟಿಲ ಮೇಲೆ. ಡಿಗ್ರಿ ಮುಗಿಸಿದವರೆಲ್ಲ ಕಂಪ್ಯೂಟರಿನ ಹಿಂದೆ ಓಡುತ್ತಿದ್ದ ಕಾಲ ಅದು, ಕಲಬುರಗಿ ಬಿಟ್ಟು ಇಲ್ಲಿ ನೆಲೆಸಿದ ನಮ್ಮ ಮನೆಯಲ್ಲೂ ಅದೇ ಜಪ. ಅವತ್ತು ಗೆಳತಿಗೆ ಒಂದೇ ಲೆಕ್ಕವನ್ನು ತೆಲುಗಿನಲ್ಲಿ ನಾಲ್ಕನೇ ಸಲ ಬಿಡಿಸಿ ಹೇಳುತ್ತಿದ್ದೆ. ಎದುರಿನ ಚಹಾ ಅಂಗಡಿಯಲ್ಲಿ ಕೂತ ದೊಡ್ಡಕ್ಕೋರು ಅದನ್ನೆಲ್ಲ ಎಣಿಸಿದ್ದಲ್ಲದೆ, ನನ್ನ ತೆಲುಗಿನಲ್ಲೇ ಕನ್ನಡದ ವಾಸನೆ ಹಿಡಿದಿದ್ದರು. ಸೀದಾ ಬಂದು, "ನಾಕು ಸಲ ಹೇಳಿದಿ, ಸಿಟ್ಟಿಗೆ ಬರಲಿಲ್ಲ. ನಾಳೆ ನಮ್ಮ ಸಾಲಿಗೆ ಬಾ," ಅಂದರು. ನನ್ನ ಹೆಸರನ್ನೂ ಕೇಳಲಿಲ್ಲ.

ಮರುದಿನ ಆ ಸಿಟ್ಟಿಲ್ಲದ ಹುಡುಗಿಯ ಗತಿ ಕೇಳಬೇಡಿ. ಮೂರನೆಯ ಸಲ ಕಿರುಬೆರಳು ಎದ್ದಾಗ, ಎದುರಿಗಿರುವವರು ಯಾರೆಂಬುದೇ ಮರೆತು, ಬೆಂಚಿನ ಮೇಲೆ ನಿಲ್ಲು ಎಂದು ಗದರಿಬಿಟ್ಟೆ. ಪುಣ್ಯಾತ್ಮೆ ನಿಂತರು! ಎರಡೂ ಕಡೆ ಹುಡುಗಿಯರು ಹಿಡಿದುಕೊಂಡರು. ನಾನು ಬೋರ್ಡಿಗೆ ತಿರುಗಿದವಳು ಅವರನ್ನು ಪೂರಾ ಮರೆತೆ. ಗಂಟೆ ಹೊಡೆದ ಮೇಲೆ ಇಳಿದು ಬಂದರು. "ನೌಕರಿ ಆತು. ಆದರ ನಿಲ್ಲಿಸಿದಾಕಿನ್ನ ಕೂಡಿಸೋದು ಮರತಿ ನೋಡು. ನನ್ನ ಮೊಣಕಾಲು ನಿನ್ನ ಹೆಸರು ಹೇಳಾಕತ್ತಾವ."

ಆಮೇಲೂ ಪ್ರತಿ ಶನಿವಾರ ಆ ಬೆಂಚಿಗೆ ಬರುತ್ತಿದ್ದರು. ಸಂಜೆ ಚಹಾ ಕುಡಿಸುತ್ತ, ಯಾವ ಹುಡುಗಿಯ ಕಡೆ ನಾನು ವಾರವಿಡೀ ನೋಡೇ ಇಲ್ಲ ಎಂಬುದನ್ನು ಹೆಸರು ಹಿಡಿದು ಹೇಳುತ್ತಿದ್ದರು. ನಮಗೆ ಇಂಗ್ಲಿಷೂ ಕಲಿಸುತ್ತಿದ್ದರು. ಅಲ್ಲೇ ಎಡವಟ್ಟಾಗುತ್ತಿತ್ತು. ಟೀಚರಿಗೆ ಇಂಗ್ಲಿಷ್ ಬಂತೋ, ಕಾಲ್ ಸೆಂಟರಿನ ಬಿಳಿ ವ್ಯಾನು ಅವಳ ಮನೆ ಬಾಗಿಲಿಗೆ ಬಂತೆಂದೇ ಲೆಕ್ಕ. ಹಾಗೆ ಆ ಒಂದೇ ವರ್ಷದಲ್ಲಿ ಮೂರನೇ ಕ್ಲಾಸಿನ ಮೂವರು ಟೀಚರು ವ್ಯಾನು ಹತ್ತಿದ್ದರು. ಆ ಕ್ಲಾಸಿಗೆ ನಾನು ನಾಲ್ಕನೆಯವಳು. ರಸ್ತೆಯಲ್ಲಿ ಬಿಳಿ ವ್ಯಾನು ಕಂಡರೆ ದೊಡ್ಡಕ್ಕೋರು ಕೋಳಿ ಕದ್ದವನನ್ನು ನೋಡಿದಂತೆ ನೋಡುತ್ತಿದ್ದರು.

ಸಂಕ್ರಾಂತಿ ರಜೆ ಮುಗಿಯುತ್ತಲೇ ನನಗೂ ಕಾಲ್ ಸೆಂಟರಿನಿಂದ ನೌಕರಿಯ ಪತ್ರ ಬಂತು. ಅವ್ವ ಓಣಿಗೆಲ್ಲ ಪೇಡೆ ಹಂಚಿದಳು. ನಾನು ತಲೆ ತಗ್ಗಿಸಿ ಪತ್ರ ತೋರಿಸಿದರೆ ದೊಡ್ಡಕ್ಕೋರು ಕನ್ನಡಕ ಹಾಕಿ ಎರಡು ಸಲ ಓದಿದರು. "ಹೋಗವ್ವಾ. ಕಟ್ಟಿಹಾಕಾಕ ನೀ ಏನು ಎಮ್ಮಿ ಏನು? ಆದರ ಹುಡುಗರಿಗೆ ನೀನ ಹೇಳು. ನನಗ ಹೇಳಿ ಹೇಳಿ ಸಾಕಾಗೇತಿ."

ಹೇಳಿದೆ. ಅಳುತ್ತಾರೆಂದು ಕರವಸ್ತ್ರ ಬೇರೆ ಹಿಡಿದುಕೊಂಡಿದ್ದೆ. ಯಾರೂ ಅಳಲಿಲ್ಲ. ಮುಂದಿನ ಬೆಂಚಿನ ರೇಣುಕಾ ತನ್ನ ಪುಸ್ತಕವನ್ನು ಆರನೇ ಪಾಠದಿಂದ ಸರಸರ ಹಿಂದಕ್ಕೆ ಮಗುಚಿ ಒಂದನೇ ಪಾಠ ತೆಗೆದಿಟ್ಟಳು. ಇಡೀ ಕ್ಲಾಸು ಹಾಗೇ ಮಾಡಿತು. ಯಾಕೆ ಎಂದರೆ ರೇಣುಕಾ ನನಗೇ ಸಮಾಧಾನ ಹೇಳುವ ದನಿಯಲ್ಲಿ, "ಹೊಸ ಅಕ್ಕೋರು ಬಂದ್ರ ಒಂದರಿಂದನ ಶುರು ಮಾಡ್ತಾರ್ರಿ. ನಮಗ ಬಾಯಿಪಾಠ ಐತ್ರಿ," ಅಂದಳು. ನಾಲ್ಕು ಸಲ ಒಂದನೇ ಪಾಠ ಓದಿದ ಆ ಮಕ್ಕಳು ಏಳನೆಯದನ್ನು ಕಂಡಿರಲಿಲ್ಲ. ತಂದ ಕರವಸ್ತ್ರ ನನಗೇ ಬೇಕಾಯಿತು.

ಪುಸ್ತಕ ಮುಗಿಯುವ ತನಕ ಇರುತ್ತೇನೆಂದೆ. ಅವ್ವ ಎಂಟು ದಿನ ಮಾತು ಬಿಟ್ಟಳು. ಮರುದಿನ ಕೆಳಗೆ ಬಿಳಿ ವ್ಯಾನು ಹಾದುಹೋದಾಗ ದೊಡ್ಡಕ್ಕೋರು ಗ್ಯಾಲರಿಯಲ್ಲಿ ನಿಂತು ಅದಕ್ಕೆ ಟಾಟಾ ಮಾಡಿದರು.

ಅವರು ಆ ಬೇಸಿಗೆ ರಜೆಯಲ್ಲಿ ತೀರಿಕೊಂಡರು. ನಾನು ಅವರನ್ನು ಕಡೆಯ ಸಲ ನೋಡಿದ್ದು ಮಾರ್ಚಿನಲ್ಲಿ, ಪುಸ್ತಕದ ಕೊನೆಯ ಪಾಠದ ದಿನ. ಶನಿವಾರವಲ್ಲದಿದ್ದರೂ ಬಂದು ತಮ್ಮ ಬೆಂಚಿನಲ್ಲಿ ಕೂತರು. ಗೊರಕೆ ಈಗ ಬರುತ್ತದೆ, ಆಗ ಬರುತ್ತದೆ ಎಂದು ಕಾಯುತ್ತಲೇ ಓದಿ ಮುಗಿಸಿದೆ. ಬರಲಿಲ್ಲ. ರೇಣುಕಾ ಪುಸ್ತಕ ಮುಚ್ಚಿದಳು. ಹಿಂದಿನಿಂದ ಒಂದು ಕೈ ಎದ್ದಿತು, ಕಿರುಬೆರಳಲ್ಲ, ಇಡೀ ಕೈ.

"ಇನ್ನೊಮ್ಮೆ ಓದ್ರಿ ಅಕ್ಕೋರೇ. ನಮ್ಮ ಸಾಲ್ಯಾಗ ಕಡೀ ಪಾಠದ ಮಟ ಯಾರೂ ಬಂದಿದ್ದಿಲ್ಲ."